ಲಾವಕ್ಕಿಯ ವಿಷಯದಲ್ಲಿ ತಪ್ಪುಗಾರನು ಯಾರು?

ಮುಂಗಾರು ಮಳೆ ಬಿದ್ದು ಎರೆಹೊಲಗಳು ಹಸುರಾದಾಗ ಯರಗೇರಾ ಸೀಮೆಯ ಬದುಗಳ ಹುಲ್ಲಿನೊಳಗಿಂದ ಬೆಳಿಗ್ಗೆಯೂ ಸಾಯಂಕಾಲವೂ ಎರಡೆರಡು ಸ್ವರಗಳ ಒಂದು ಕೂಗು ಕೇಳಬರುವದುಂಟು. ಅದು ಮಳೆ ಲಾವಕ್ಕಿಯ ಗಂಡಿನ ಕೂಗು. ಇದನ್ನೂ ಇದರ ಹಾಗಿರುವ ಬೇರೆ ಹಕ್ಕಿಗಳನ್ನೂ ಜನರು ಬುರ್ಲಿ ಎಂದು ಕರೆಯುತ್ತಾರೆ. ಇದು ಯಾರ ಕೊಟ್ಟಿಗೆಗೂ ಸೇರಿದ್ದಲ್ಲ, ಯಾರ ಪಹಣಿಯಲ್ಲಿಯೂ ಬರೆದದ್ದಲ್ಲ. ಹೀಗೆ ಒಡೆಯನಿಲ್ಲದ ಜೀವಿಯು ಕಡಿಮೆಯಾದರೆ ಅದರ ಲೆಕ್ಕ ಒಪ್ಪಿಸತಕ್ಕವರು ಯಾರು? ಇದೇ ಈ ಸಾರಿ ನಾವು ವಿಚಾರಿಸತಕ್ಕ ಪ್ರಶ್ನೆ.

ಒಬ್ಬ ಬಡವನು ಬಲೆಯೊಡ್ಡಿ ಹತ್ತು ಲಾವಕ್ಕಿಗಳನ್ನು ಹಿಡಿದು ಸಂತೆಗೆ ತಂದನೆಂದು ಎಣಿಸೋಣ. ನಾವು ಕೂಡಲೆ ಅವನನ್ನು ಕ್ರೂರಿ ಅನ್ನುವೆವು. ಕಾನೂನು ಸಹ ಅವನನ್ನು ಹಿಡಿಯುವದು. ಯಾಕಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡು ಲಾವಕ್ಕಿಯನ್ನು ಬೇಟೆಯಾಡುವದನ್ನು ನಿಷೇಧಿಸುತ್ತದೆ, ಮೊಟ್ಟೆ ತೆಗೆಯುವದನ್ನೂ ಗೂಡು ಕೆಡಿಸುವದನ್ನೂ ಬೇಟೆಯೆಂದೇ ಎಣಿಸುತ್ತದೆ. ಅದೇ ವಾರದಲ್ಲಿ ಒಬ್ಬ ಒಕ್ಕಲಿಗನು ತನ್ನ ಹೊಲದ ಬದುವನ್ನೆಲ್ಲಾ ಕಿತ್ತು, ಉಳಿದ ಹುಲ್ಲಿಗೆ ಕಿಚ್ಚು ಹಚ್ಚಿ, ಹತ್ತಿಗೆ ಔಷಧ ಹೊಡೆದನೆಂದು ಎಣಿಸೋಣ. ಅವನನ್ನು ಯಾರೂ ಏನೂ ಕೇಳುವದಿಲ್ಲ. ಜಾಣ ಒಕ್ಕಲಿಗನೆಂದು ಹೊಗಳುವವರೂ ಇರುವರು. ಇವರಿಬ್ಬರಲ್ಲಿ ಲಾವಕ್ಕಿಗೆ ಹೆಚ್ಚು ಕೇಡು ಮಾಡಿದವನು ಯಾರು? ಇದಕ್ಕೆ ಉತ್ತರ ಕೊಡುವ ಮೊದಲು ಆ ಹಕ್ಕಿಯ ಜೀವಿತವನ್ನು ತಿಳುಕೊಳ್ಳುವದು ಅಗತ್ಯ.

ಲಾವಕ್ಕಿಯು ಮರದಲ್ಲಿ ಗೂಡು ಕಟ್ಟುವದಿಲ್ಲ. ನೆಲವನ್ನು ಸ್ವಲ್ಪ ಕೆದರಿ ಹುಲ್ಲಿನ ಮರೆಯಲ್ಲಿ ಮೊಟ್ಟೆಯಿಡುತ್ತದೆ. ಮಳೆ ಲಾವಕ್ಕಿಯ ಹೆಣ್ಣು ಆರೆಂಟು ಮೊಟ್ಟೆಗಳ ಮೇಲೆ ಸುಮಾರು 16ರಿಂದ 18 ದಿವಸ ಒಂಟಿಯಾಗಿ ಕೂತು ಮರಿ ಮಾಡುತ್ತದೆ. ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ತಾಯಿಯ ಹಿಂದೆ ಓಡುತ್ತವೆ. ದೊಡ್ಡ ಹಕ್ಕಿಗೆ ಕಾಳು ಸಾಕು. ಮರಿಗಾದರೋ ಮೊದಲಿನ ವಾರಗಳಲ್ಲಿ ಹುಳಹುಪ್ಪಟೆಗಳೇ ಬೇಕು. ಇದರ ಆಯುಷ್ಯವೂ ಅಲ್ಪ. ಅಮೇರಿಕದ ಬಾಬ್‌ವೈಟ್ ಎಂಬ ಲಾವಕ್ಕಿಯನ್ನು ಬಹುಕಾಲ ಪರೀಕ್ಷಿಸಿದವರು, ಒಂದು ವರುಷದಲ್ಲಿ ಹತ್ತರಲ್ಲಿ ಏಳೆಂಟು ಹಕ್ಕಿಗಳು ಹೇಗೂ ಸಾಯುವವೆಂದು ಕಂಡುಕೊಂಡಿದ್ದಾರೆ. ಆದದರಿಂದ ಲಾವಕ್ಕಿಯ ಸಂತತಿಯು ನಿಲ್ಲುವದು ದೊಡ್ಡ ಹಕ್ಕಿಗಳ ಆಯುಷ್ಯದಿಂದಲ್ಲ, ವರುಷ ವರುಷವೂ ಏಳುವ ಹೊಸ ಮರಿಗಳಿಂದಲೇ.

ಹೀಗಿರಲಾಗಿ ನಮ್ಮ ತಕ್ಕಡಿಯು ಬೇರೆ ರೀತಿಯಾಗಿ ತೂಗುವದು. ಬಲೆಗಾರನು ಹತ್ತು ಹಕ್ಕಿಗಳನ್ನು ಕೊಂದನು. ಬದುವನ್ನು ಕಿತ್ತವನು ಒಂದನ್ನೂ ಕೊಲ್ಲಲಿಲ್ಲ. ಆದರೆ ಇನ್ನು ಮುಂದೆ ಅಲ್ಲಿ ಗೂಡೇ ಇರದಂತೆ ಮಾಡಿದನು. ಇಂಗ್ಲೆಂಡಿನ ಸಸೆಕ್ಸ್ ಸೀಮೆಯಲ್ಲಿ 1968ರಿಂದ ನಡೆದ ಪರಿಶೋಧನೆಯಲ್ಲಿ ಪಾಟ್ಸ್ ಎಂಬ ವಿದ್ವಾಂಸರು, ಲಾವಕ್ಕಿಯ ಬಳಗದ್ದಾದ ಬೂದು ಗೌಜಲಕ್ಕಿಯು ಕಡಿಮೆಯಾಗಲು ಒಂದು ದೊಡ್ಡ ಕಾರಣವನ್ನು ಕಂಡರು. ಅದೇನಂದರೆ, ಔಷಧದಿಂದ ಕಳೆ ಸತ್ತಿತು, ಕಳೆಯೊಡನೆ ಹುಳಗಳು ಹೋದವು, ಹುಳಗಳಿಲ್ಲದೆ ಮರಿಗಳು ಹಸಿದು ಸತ್ತವು. ಅಲ್ಲಿ ಯಾರೂ ಮರಿಗೆ ವಿಷವಿಡಲಿಲ್ಲ. ಆದರೂ ಮರಿ ಸತ್ತಿತು.

ನಮ್ಮ ಎಡೆದೊರೆ ಸೀಮೆಯಲ್ಲಿಯೂ ನೆಲದ ರೂಪವು ಬದಲಾಗಿದೆ. ಮಾನ್ವಿಯ ಕಡೆಗೆ ತುಂಗಭದ್ರೆಯ ಎಡದಂಡೆ ಕಾಲುವೆಯೂ ದೇವದುರ್ಗದ ಕಡೆಗೆ ನಾರಾಯಣಪುರದ ಬಲದಂಡೆ ಕಾಲುವೆಯೂ ಬಂದು ಅನೇಕರ ಹಸಿವನ್ನು ನೀಗಿಸಿವೆ. ಇದಕ್ಕಾಗಿ ನಾವು ಉಪಕಾರಸ್ಮರಣೆ ಮಾಡತಕ್ಕದ್ದು. ಆದರೆ ನೀರು ನಿಂತ ಭತ್ತದ ಗದ್ದೆಯಲ್ಲಿ ಲಾವಕ್ಕಿಯು ಗೂಡಿಡಲಾರದು. ಅದಕ್ಕೆ ಉಳಿದದ್ದು ಬದು, ಬೀಳು, ಹಳ್ಳದ ದಡ ಇಷ್ಟೇ.

ಇಲ್ಲಿ ಒಕ್ಕಲಿಗನು, 'ಸಾಲ ಮಾಡಿ ಬಿತ್ತಿದ ಹತ್ತಿಯನ್ನು ಹುಳಕ್ಕೆ ಒಪ್ಪಿಸಲೋ? ನನ್ನ ಮಕ್ಕಳಿಗಿಂತ ಹಕ್ಕಿ ಹೆಚ್ಚೋ?' ಎಂದು ಕೇಳಬಹುದು. ಈ ಮಾತು ಹಗುರವಾದದ್ದಲ್ಲ. ಮಕ್ಕಳೇ ಹೆಚ್ಚು. ಆದರೆ ಬಲೆಗಾರನೂ ತನ್ನ ಮಕ್ಕಳ ಹೆಸರನ್ನೇ ಹೇಳುವನಲ್ಲವೋ? ಒಬ್ಬನ ಹಸಿವಿಗೆ ಕಿವಿಗೊಟ್ಟು ಇನ್ನೊಬ್ಬನ ಹಸಿವಿಗೆ ಕಿವಿ ಮುಚ್ಚುವದು ನ್ಯಾಯವಲ್ಲ. ಇಷ್ಟರಿಂದ ಬಲೆಗಾರನು ನಿರ್ದೋಷಿಯಾಗುವದಿಲ್ಲ. ಮಳೆಗಾಲದಲ್ಲಿ ಗೂಡಿನ ಹಕ್ಕಿಯನ್ನು ಹಿಡಿಯುವವನು ತಾಯಿಯೊಡನೆ ಮರಿಗಳನ್ನೂ ಕೊಲ್ಲುತ್ತಾನೆ. ಆದರೆ ಹೆಚ್ಚು ನೆಲವುಳ್ಳವನ ಹೊಣೆಯೇ ಹೆಚ್ಚೆಂದು ನಾವು ಹೇಳುವೆವು. ಯಾಕಂದರೆ ಬಿಟ್ಟುಕೊಡುವ ಶಕ್ತಿ ಅವನಿಗುಂಟು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಹಕ್ಕಿಯ ಗೂಡಿನ ವಿಷಯವಾಗಿ ಒಂದು ಸಣ್ಣ ಆಜ್ಞೆಯುಂಟು. ಗೂಡು ಸಿಕ್ಕಿದವನು ಮರಿಗಳನ್ನು ತೆಗೆದುಕೊಂಡರೂ ತಾಯಿಯನ್ನು ಬಿಟ್ಟುಬಿಡಬೇಕೆಂಬದೇ ಅದರ ತಾತ್ಪರ್ಯ. ಈಗಿನ ಕಾನೂನು ಮರಿಗಳನ್ನೂ ಮುಟ್ಟಗೊಡದು. ಆದರೂ ಆ ಆಜ್ಞೆಯ ಒಳಗಿನ ನ್ಯಾಯವು ಹಳೇದಾಗಲಿಲ್ಲ: ಫಲವನ್ನು ಅನುಭವಿಸುವವನು ಬೇರನ್ನು ಕೀಳಬಾರದು. ಲಾವಕ್ಕಿಗೆ ಬದುವೇ ಬೇರು.

ಹಾಗಾದರೆ ನಾವು ಏನು ಮಾಡಬಹುದು? ಮಳೆಗಾಲ ಮುಗಿಯುವ ತನಕ ಬದುವಿನ ಹುಲ್ಲನ್ನು ಕೊಯ್ಯದೆ ಬಿಡಬಹುದು. ಬದುವಿನ ಮೇಲೆ ಔಷಧ ಬೀಳದಂತೆ ನೋಡಬಹುದು. ಔಷಧ ಸವರಿದ ಬೀಜವನ್ನು ಮಣ್ಣಿನಲ್ಲಿ ಚೆನ್ನಾಗಿ ಮುಚ್ಚಬಹುದು. ಬೆಳೆಯನ್ನು ಹೊಲದ ನಡುವಿನಿಂದ ಅಂಚಿಗೆ ಕೊಯ್ಯುತ್ತಾ ಬಂದರೆ ಹಕ್ಕಿಗೆ ಓಡಿಹೋಗಲು ದಾರಿಯಿರುವದು. ಕಿಚ್ಚಿನ ವಿಷಯದಲ್ಲಿಯೂ ಕಾಲವನ್ನು ಅರಿಯಬೇಕು. 1931ರಲ್ಲಿ ಬಾಬ್‌ವೈಟ್ ಲಾವಕ್ಕಿಯ ಕುರಿತು ದೊಡ್ಡ ಗ್ರಂಥವನ್ನು ಬರೆದ ಹರ್ಬರ್ಟ್ ಸ್ಟಾಡರ್ಡ್ ಎಂಬವರು, ಆ ದೇಶದ ಪೈನ್ ಕಾಡುಗಳಲ್ಲಿ ಚಳಿಗಾಲದ ಕಡೆಯಲ್ಲಿ ಹಚ್ಚಿದ ಬೆಂಕಿಯು ಆ ಹಕ್ಕಿಗೆ ಉಪಯೋಗವೇ ಆಗುವದೆಂದು ತೋರಿಸಿದರು. ಅದೇ ಬೆಂಕಿಯು ಗೂಡಿನ ಕಾಲದಲ್ಲಿ ಬಂದರೆ ನಾಶವೇ. ಸಂತೆಯಲ್ಲಿ ಕಾಡು ಹಕ್ಕಿಯನ್ನು ಕೊಳ್ಳಲೇಬಾರದು. ಕೊಳ್ಳುವವನಿಲ್ಲದಿದ್ದರೆ ಮಾರುವವನೂ ಇರನು. ಬಲೆಗಾರನಿಗೆ ಬೈಗಳಲ್ಲ, ಕೂಲಿಯ ಕೆಲಸ ಕೊಡುವದು ಮೇಲು.

ಇಷ್ಟಕ್ಕೂ ಬೇಕಾದದ್ದು ಮೊಳದಗಲದ ಹುಲ್ಲು. ಪಕ್ಕದ ಹೊಲದವನು ಅಷ್ಟೇ ನೆಲವನ್ನು ಒತ್ತಿದರೆ ನಾವು ಕಚೇರಿಗೆ ಹೋಗುವೆವು. ದಾವೆ ಹೂಡಲು ಬಾರದ ಈ ಜೀವಿಯ ನೆಲವನ್ನು ನಾವೇ ಒತ್ತಿದ್ದೇವೋ? ಪ್ರತಿಯೊಬ್ಬನು ತನ್ನ ಬದುವಿನ ಮೇಲೆ ನಿಂತು ವಿಚಾರಿಸಿಕೊಳ್ಳಲಿ.