ಸೇವೆಯ ಲೆಕ್ಕ ಯಾರಿಗೆ ಒಪ್ಪಿಸಬೇಕು?

ಸಮಾಜಸೇವೆಯ ಕ್ಷೇತ್ರದಲ್ಲಿ ಇಂದು ಎಲ್ಲರ ಬಾಯಲ್ಲೂ ಇರುವ ಪದಗಳು ಎರಡು: ನಾಯಕತ್ವ ಮತ್ತು ಸಹಭಾಗಿತ್ವ. ಅಂತಾರಾಷ್ಟ್ರೀಯ ಸಮ್ಮೇಳನಗಳಿಂದ ಹಿಡಿದು ನಮ್ಮೂರಿನ ಟ್ರಸ್ಟ್‌ಗಳ ವಾರ್ಷಿಕ ವರದಿಯವರೆಗೂ ಅವು ಧಾರಾಳವಾಗಿ ಸಿಗುತ್ತವೆ. ಎಷ್ಟು ಶಿಬಿರ ನಡೆಯಿತು, ಎಷ್ಟು ಮಂದಿಗೆ ಕಿಟ್ ಹಂಚಲಾಯಿತು, ವೇದಿಕೆಯಲ್ಲಿ ಯಾರ್ಯಾರಿದ್ದರು ಎಂಬುದೆಲ್ಲ ಆ ವರದಿಗಳಲ್ಲಿ ಇರುತ್ತದೆ. ಕಿಟ್ ಪಡೆದವರಿಗೆ ಅದರಿಂದ ಏನಾಯಿತು ಎಂಬುದು ಮಾತ್ರ ಇರುವುದಿಲ್ಲ. ವರದಿಯನ್ನು ಓದುವವರು ಹಣ ಕೊಟ್ಟವರು ತಾನೇ? ಹಾಗಾದರೆ ಸೇವೆಯ ಮುಂದಾಳು ಲೆಕ್ಕ ಒಪ್ಪಿಸಬೇಕಾದದ್ದು ಯಾರಿಗೆ? ಇದನ್ನು ಆಡಳಿತದ ವಿಷಯವೆಂದು ನಾವು ಬದಿಗಿಡುತ್ತೇವೆ. ನಿಜಕ್ಕೂ ಇದು ನೈತಿಕ ಪ್ರಶ್ನೆ.

ಬಾಂಗ್ಲಾದೇಶದ ಒಂದು ಅನುಭವ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ವಾಂತಿಭೇದಿಯಿಂದ ದೇಹದ ನೀರು ಬತ್ತಿ ಮಕ್ಕಳು ಸಾಯುವುದು ಅಲ್ಲಿ ದಿನನಿತ್ಯದ ಸಂಗತಿಯಾಗಿತ್ತು. ಉಪ್ಪಿನ ಜೊತೆ ಸಕ್ಕರೆಯ ಅಂಶವೂ ಇದ್ದರೆ ಕರುಳು ನೀರನ್ನು ಹೀರಿಕೊಳ್ಳುತ್ತದೆ ಎಂಬ ತಿಳಿವನ್ನು ಬಳಸಿ, 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದ ವೈದ್ಯರು ಬಾಯಿಯ ಮೂಲಕವೇ ಚಿಕಿತ್ಸೆ ನೀಡಬಹುದೆಂದು ತೋರಿಸಿದರು. 1971ರ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ ಡ್ರಿಪ್ ಬಾಟಲಿಗಳು ಸಾಲಲಿಲ್ಲ. ಡಾ. ದಿಲೀಪ್ ಮಹಾಲನಾಬಿಸ್ ಈ ದ್ರಾವಣವನ್ನು ರೋಗಿಗಳ ಬಂಧುಗಳ ಕೈಗೇ ಕೊಟ್ಟು ಕುಡಿಸಲು ಹೇಳಿದರು. ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡಾ 3.6ಕ್ಕೆ ಇಳಿಯಿತು. ನಮ್ಮ ದೇಶ ಅವರಿಗೆ ಪದ್ಮವಿಭೂಷಣ ಘೋಷಿಸಿದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ.

ಔಷಧವೇನೋ ಸಿಕ್ಕಿತು. ಅದು ಹಳ್ಳಿಯ ಗುಡಿಸಲನ್ನು ತಲುಪುವುದು ಹೇಗೆ? ಆ ಹೊಣೆ ಹೊತ್ತವರು ಫಜ್ಲೆ ಹಸನ್ ಆಬೇದ್. ಶೆಲ್ ಕಂಪೆನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಲೆಕ್ಕಪರಿಶೋಧಕ. 1970ರ ಚಂಡಮಾರುತ ಮತ್ತು ಮರುವರ್ಷದ ಯುದ್ಧ ಅವರ ಬದುಕಿನ ದಿಕ್ಕು ಬದಲಿಸಿದವು. ಲಂಡನ್‌ನ ತಮ್ಮ ಫ್ಲ್ಯಾಟ್ ಮಾರಿ, 1972ರಲ್ಲಿ ‘ಬ್ರ್ಯಾಕ್’ ಸಂಸ್ಥೆಯನ್ನು ಕಟ್ಟಿದರು. 1980ರಿಂದ ಹತ್ತು ವರ್ಷ ಈ ಸಂಸ್ಥೆಯ ಮಹಿಳೆಯರು ಮನೆಮನೆಗೆ ನಡೆದು, 1.2 ಕೋಟಿಗೂ ಹೆಚ್ಚು ಕುಟುಂಬಗಳ ತಾಯಂದಿರಿಗೆ ಒಂದೇ ಪಾಠ ಹೇಳಿಕೊಟ್ಟರು: ಅರ್ಧ ಸೇರು ನೀರಿಗೆ ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ.

ನಮ್ಮ ಗಮನ ಸೆಳೆಯುವುದು ಪಾಠಕ್ಕಿಂತ ಹೆಚ್ಚಾಗಿ ಸಂಬಳದ ಕ್ರಮ. ಪಾಠ ಹೇಳಿ ಕೆಲವು ವಾರಗಳಾದ ಮೇಲೆ ಬೇರೊಬ್ಬರು ಕೆಲವು ಮನೆಗಳಿಗೆ ಹೋಗಿ ತಾಯಿಯನ್ನು ಪ್ರಶ್ನೆ ಕೇಳುತ್ತಿದ್ದರು, ಅವಳ ಕೈಯಿಂದ ದ್ರಾವಣ ಮಾಡಿಸುತ್ತಿದ್ದರು. ಉಪ್ಪು ಹೆಚ್ಚಾದರೆ ಮಗುವಿನ ಜೀವಕ್ಕೇ ಅಪಾಯವಾದ್ದರಿಂದ ಅದರ ಮಾದರಿಗಳು ಪ್ರಯೋಗಾಲಯಕ್ಕೂ ಹೋಗುತ್ತಿದ್ದವು. ತಾಯಿಗೆ ಎಷ್ಟು ನೆನಪಿದೆ ಎಂಬುದರ ಮೇಲೆ ಕಾರ್ಯಕರ್ತೆಯ ಸಂಬಳ ನಿರ್ಧಾರವಾಗುತ್ತಿತ್ತು. ಎಷ್ಟು ಮನೆ ಸುತ್ತಿದೆ ಎಂದು ಹೇಳಿ ಅವಳು ಪಾರಾಗುವಂತಿರಲಿಲ್ಲ. ಅಕ್ಷರ ಬಾರದ ಬಡ ಹೆಂಗಸೊಬ್ಬಳು ಇಲ್ಲಿ ಪರೀಕ್ಷಕಿಯ ಸ್ಥಾನದಲ್ಲಿದ್ದಳು! ಬಡ ನೌಕರಳ ತಲೆಯ ಮೇಲೆ ಇಷ್ಟು ಭಾರ ಹೊರಿಸುವುದು ನ್ಯಾಯವೇ ಎಂಬ ಆಕ್ಷೇಪವನ್ನೂ ನಾವು ತಳ್ಳಿಹಾಕಲಾರೆವು. ಮೇಲಿನವರು ತಮ್ಮನ್ನು ಅದೇ ಅಳತೆಗೆ ಒಡ್ಡಿಕೊಳ್ಳದಿದ್ದರೆ ಅದು ಬರಿಯ ದಬ್ಬಾಳಿಕೆಯೇ ಆಗುತ್ತಿತ್ತು.

ಅವರು ಒಡ್ಡಿಕೊಂಡರು. ಆರಂಭದ ಸಮೀಕ್ಷೆಯಲ್ಲಿ ತಾಯಂದಿರಿಗೆ ಪಾಠ ನೆನಪಿತ್ತು, ಆದರೆ ಮಗುವಿಗೆ ಭೇದಿಯಾದಾಗ ಅದನ್ನು ಬಳಸಿದವರು ತೀರಾ ಕಡಿಮೆ. ಹಳ್ಳಿಯವರು ಮೂಢರು, ಹೇಳಿದರೂ ತಿಳಿಯುವುದಿಲ್ಲ ಎಂದು ಕೈತೊಳೆದುಕೊಳ್ಳುವುದು ಸುಲಭವಿತ್ತು. ಅದರ ಬದಲು ತಮ್ಮವರನ್ನೇ ವಿಚಾರಿಸಿದರು. ಕಾರ್ಯಕರ್ತೆಯರಲ್ಲೇ ಹಲವರಿಗೆ ಈ ಉಪ್ಪುಬೆಲ್ಲದ ನೀರಿನಲ್ಲಿ ನಂಬಿಕೆ ಇರಲಿಲ್ಲ, ತಮಗೆ ಭೇದಿಯಾದರೆ ಅವರು ಮಾತ್ರೆ ನುಂಗುತ್ತಿದ್ದರು! ಅವರನ್ನು ಢಾಕಾದ ಪ್ರಯೋಗಾಲಯಕ್ಕೆ ಕರೆದೊಯ್ದು ಇದು ಕೆಲಸ ಮಾಡುವ ಬಗೆಯನ್ನು ವಿವರಿಸಲಾಯಿತು. ಮನೆಯ ಗಂಡಸರನ್ನು ದೂರವಿಟ್ಟದ್ದೂ ಒಂದು ತಪ್ಪೆಂದು ಗೊತ್ತಾಗಿ, ಅವರೊಡನೆಯೂ ಮಾತುಕತೆ ಶುರುವಾಯಿತು. ವಿಜ್ಞಾನಿ, ಕಾರ್ಯಕರ್ತೆ, ತಾಯಿ, ತಂದೆ ಇವರಲ್ಲಿ ಯಾರನ್ನು ಬಿಟ್ಟರೂ ಕೆಲಸ ನಿಲ್ಲುತ್ತಿತ್ತು. ಸಹಭಾಗಿತ್ವವೆಂದರೆ ಇದಲ್ಲದೆ ಮತ್ತೇನು?

1990ರಲ್ಲಿ ಬಾಂಗ್ಲಾದೇಶದಲ್ಲಿ ಸಾವಿರ ಮಕ್ಕಳಲ್ಲಿ ಸುಮಾರು 145 ಮಂದಿ ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಈಗ ಆ ಸಂಖ್ಯೆ 30ರ ಆಸುಪಾಸಿನಲ್ಲಿದೆ. ಲಸಿಕೆ, ಶಿಕ್ಷಣ, ಸರಕಾರದ ಪಾತ್ರ ಎಲ್ಲವೂ ಇದರಲ್ಲಿವೆ, ಉಪ್ಪುಬೆಲ್ಲದ ಪಾಲೂ ಇದೆ.

ಇದೇ ಬ್ರ್ಯಾಕ್ ಮುಂದೆ ದೊಡ್ಡ ಪ್ರಮಾಣದಲ್ಲಿ ಕಿರುಸಾಲವನ್ನೂ ನೀಡಿತು. ಆಬೇದ್ 2019ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವ ಹೊತ್ತಿಗೆ ಅದು ಜಗತ್ತಿನ ಅತಿ ದೊಡ್ಡ ಸ್ವಯಂಸೇವಾ ಸಂಸ್ಥೆಗಳಲ್ಲಿ ಒಂದು. ಕಿರುಸಾಲದ ಲೋಕ ಬಹುಕಾಲ ಹೆಮ್ಮೆಯಿಂದ ಹೇಳಿಕೊಂಡದ್ದು ಮರುಪಾವತಿಯ ಪ್ರಮಾಣವನ್ನು: ಶೇಕಡಾ 95, 98. ಕಂತು ಬಂತೆಂದರೆ ಸಂಸ್ಥೆ ಸುರಕ್ಷಿತವಾಗಿದೆ ಎಂಬುದು ಗೊತ್ತಾಗುತ್ತದೆ. ಆ ಕಂತನ್ನು ಕಟ್ಟಲು ಮನೆಯಾಕೆ ಊಟ ಬಿಟ್ಟಳೋ, ಇನ್ನೊಂದು ಸಾಲ ಮಾಡಿದಳೋ ಗೊತ್ತಾಗುವುದಿಲ್ಲ.

ನಮ್ಮ ರಾಜ್ಯಕ್ಕೂ ಈ ಪಾಠ ಹೊಸದಲ್ಲ. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರಗಳಂಥ ರೇಷ್ಮೆಯ ಊರುಗಳಲ್ಲಿ ಆದಾಯ ಕುಸಿದು, ಒಬ್ಬೊಬ್ಬ ಮಹಿಳೆಯ ತಲೆಯ ಮೇಲೆ ಹಲವು ಸಾಲಗಳಿದ್ದಾಗ, ಕಂತು ಕಟ್ಟಬೇಡಿ ಎಂದು ಕೋಲಾರದ ಅಂಜುಮನ್ ಕರೆ ಕೊಟ್ಟಿತು. ಅದುವರೆಗೂ ಮರುಪಾವತಿಯ ಅಂಕಿ ಅಂಶಗಳಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು. ವಸೂಲಿಯ ಕಿರುಕುಳದ ವಿರುದ್ಧ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದದ್ದು 2025ರ ಫೆಬ್ರವರಿಯಲ್ಲಿ. ಈ ಹದಿನಾರು ವರ್ಷಗಳಲ್ಲಿ ಕಂತಿನ ಚೀಟಿ ಹಿಡಿದು ಆ ಮನೆಗಳ ಬಾಗಿಲಿಗೆ ವಾರವಾರವೂ ಯಾರಾದರೊಬ್ಬರು ಹೋಗುತ್ತಲೇ ಇದ್ದರು. ನಾವು ಕೊಟ್ಟದ್ದರಿಂದ ನಿಮಗೇನಾಯಿತಮ್ಮ ಎಂದು ಕೇಳಿ, ಆಕೆಯ ಉತ್ತರದ ಮೇಲೆ ತಮ್ಮ ಸಂಬಳವನ್ನು ಪಣಕ್ಕಿಡಲು ಸಿದ್ಧರಿದ್ದವರು ಅವರಲ್ಲಿ ಎಷ್ಟು ಮಂದಿ?