ಪುಸ್ತಕಗಳನ್ನು ಕೇಳಿದ ಕೈದಿ

ಪ್ರಿಯ ಯೌವನಸ್ಥರೇ, 2 ತಿಮೊಥೆಯ 4ನೇ ಅಧ್ಯಾಯ, 13ನೇ ವಚನ ತೆಗೆಯಿರಿ. ಪೌಲನು ಸೆರೆಯಲ್ಲಿದ್ದಾನೆ. ತನ್ನ ಮರಣ ಹತ್ತಿರ ಬಂದಿದೆ ಅಂತ ಅವನಿಗೇ ಗೊತ್ತು. ಆಗ ಅವನು ತರಿಸಿಕೊಂಡದ್ದು ಏನು? ಒಂದು ಮೇಲಂಗಿ, ಜೊತೆಗೆ ಪುಸ್ತಕಗಳು. ಓದೋ ವಯಸ್ಸು ಮುಗೀತು ಅಂತ ಅವನು ಅನ್ನಲಿಲ್ಲ.

ನಾನು ಮಂಡಿಕಲ್ ಹೋಬಳಿಯವನು. ನಮ್ಮ ಕಡೆಯಿಂದ ಬೆಂಗಳೂರಿಗೆ ದುಡಿಯೋಕೆ ಬಂದ ಒಬ್ಬ ತಮ್ಮನಿಗೆ ಕೆಲಸ ಹೋಯಿತು. ಪಿಯುಸಿ ಫೇಲಾಗಿ ಬಿಟ್ಟಿದ್ದ. "ಪಾಸ್ಟರ್, ಮತ್ತೆ ಪರೀಕ್ಷೆ ಕಟ್ಟಲಾ?" ಅಂದ. ನಾನು ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿ, "ಕರ್ತನು ಬಾಗಿಲು ತೆರೀತಾನೆ, ಕಾದಿರು" ಅಂದೆ. ಅವನು ನಂಬಿ ಕಾದ. ಅರ್ಜಿಯ ಕೊನೇ ದಿನ ದಾಟಿಹೋಯಿತು. ಬಾಗಿಲು ತೆರೆದೇ ಇತ್ತು; ಅಡ್ಡ ನಿಂತವನು ನಾನು. ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆ.

ದಾನಿಯೇಲನನ್ನು ನೋಡಿ. ಊರು ಹೋಯಿತು, ಹೆಸರೂ ಬದಲಾಯಿತು. ಆದರೂ ಬಾಬೆಲಿನಲ್ಲಿ 3 ವರ್ಷದ ತರಬೇತಿಗೆ ಸೇರಿ, ಪರರ ಭಾಷೆ, ಪರರ ಶಾಸ್ತ್ರ ಕಲಿತ. ಜ್ಞಾನ ಕೊಟ್ಟವನು ದೇವರೇ. ಕೂತು ಕಲಿತವನು ದಾನಿಯೇಲ. ದಿನಕ್ಕೆ 3 ಸಲ ಮೊಣಕಾಲೂರಿದವನೂ ಅವನೇ. ಆಮೆನ್?

ನಮ್ಮ ತಾಲ್ಲೂಕಿನ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಚಿಕ್ಕಂದಿನಲ್ಲೇ ತಂದೆಯನ್ನು ಕಳಕೊಂಡವರು. ಬೆಂಗಳೂರಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ, 1881ರಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು.

ಕೆಲವರು ನನ್ನ ಹತ್ತಿರ ಹೇಳ್ತೀರಿ: "ಮುಂದಿನ ಓದಿಗೆ ಸೇರಿದರೆ ಯುವನಿಧಿ ನಿಲ್ಲುತ್ತೆ." ನಿಜ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ದೊಡ್ಡದೇ. ಮನೆಗೆ ಅಕ್ಕಿ ತರೋ ಹಣ ಅದು. ಬಿಡಲೇಬೇಕು ಅಂತ ನಾನು ಹೇಳಲ್ಲ. ಆದರೆ ಅದು ಹೆಚ್ಚೆಂದರೆ 2 ವರ್ಷ. ಕೂತು ಲೆಕ್ಕ ಹಾಕಿ. ಗೋಪುರ ಕಟ್ಟೋಕೆ ಮುಂಚೆ ಖರ್ಚು ಎಣಿಸಬೇಕು ಅಂತ ಯೇಸುವೇ ಕಲಿಸಿದ್ದಾನೆ. ಕಾಲೇಜಿಗೆ ಹೋಗೋಕೆ ಆಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಿಂದ ಇದೆ. ಕೈಕೆಲಸ ಬೇಕಾದವರಿಗೆ ಐಟಿಐ ಇದೆ. ಪೌಲನೂ ಗುಡಾರ ಹೊಲಿದು ಉಂಡವನೇ.

ಮುಂದಿನ ಭಾನುವಾರ ಬೈಬಲ್ ಜೊತೆ ಹಳೇ ಮಾರ್ಕ್ಸ್ ಕಾರ್ಡ್ ತನ್ನಿ. ಫೇಲಾಗಿದ್ದರೂ ತನ್ನಿ, ನಾಚಿಕೆ ಬೇಡ. ಆರಾಧನೆ ಆದ ಮೇಲೆ ಕೂತು ಅರ್ಜಿ ತುಂಬೋಣ. ಆ ತಮ್ಮನೂ ಬರ್ತಾನೆ, ಈ ಸಲ ಪರೀಕ್ಷೆ ಕಟ್ಟಿದ್ದಾನೆ.

ಪ್ರಾರ್ಥಿಸೋಣ. ಕರ್ತನೇ, ಕೆಲಸ ಕಳಕೊಂಡ ಕೈಗಳಿಗೆ ಪುಸ್ತಕ ಹಿಡಿಯೋ ಧೈರ್ಯ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.