ಕಂದಮೂಲದ ಗೊಜ್ಜೂ ಅಲ್ಪಫಲದ ವಿಚಾರವೂ

ಕಂದಮೂಲಗಳಲ್ಲಿ ಸತ್ತ್ವವಿಲ್ಲ, ಆದುದರಿಂದಲೇ ಹಿರಿಯರು ಅವುಗಳನ್ನು ವರ್ಜಿಸಿದರು ಎಂದು ನಮ್ಮಲ್ಲಿ ಕೆಲವರು ಮಕ್ಕಳಿಗೆ ಹೇಳಿಕೊಡುವುದುಂಟು. ಉದ್ದೇಶವು ಒಳ್ಳೆಯದೇ, ಆದರೆ ಮಾತು ಸತ್ಯವಲ್ಲ. ಒಂದು ವ್ರತವನ್ನು ಕಾಯಲು ಸತ್ಯಾಣುವ್ರತವನ್ನು ಮುರಿಯುವುದು ಶ್ರಾವಕರಿಗೆ ಸಲ್ಲದು.

ಪಡುಬಿದ್ರಿಯಿಂದ ನಂದಿಕೂರು, ಬೆಳ್ಮಣ್ಣು ಹಾದು ಕಾರ್ಕಳಕ್ಕೆ ಹೋಗುವ ದಾರಿಯ ಆಚೀಚೆಯ ನೆರೆಮನೆಗಳಲ್ಲಿ ಗೊಜ್ಜು ಪ್ರಿಯವಾದ ವ್ಯಂಜನ. ಬೇಯಿಸಿದ ಗೆಣಸನ್ನೋ ಆಲೂಗಡ್ಡೆಯನ್ನೋ ಕಿವುಚಿ, ಉಪ್ಪು, ಹಸಿಮೆಣಸು, ಹುಳಿ ಬೆರೆಸಿ, ತೆಂಗಿನೆಣ್ಣೆಯ ಒಗ್ಗರಣೆ ಕೊಟ್ಟರೆ ಕುಚ್ಚಲಕ್ಕಿ ಗಂಜಿಗೆ ಬೇರೇನೂ ಬೇಡ. 100 ಗ್ರಾಂ ಆಲೂಗಡ್ಡೆಯಲ್ಲಿ ಸುಮಾರು 400 ಮಿಲಿಗ್ರಾಂ ಪೊಟಾಸಿಯಂ ಇದೆ. ಕಿತ್ತಳೆ ಬಣ್ಣದ ತಿರುಳಿನ ಗೆಣಸಿನಲ್ಲಿ ಕಣ್ಣಿಗೆ ಹಿತವಾದ ಕ್ಯಾರೋಟಿನ್ ಹೇರಳ. ಬಡವರ ಹೊಟ್ಟೆಯನ್ನು ಕಾದದ್ದೂ ಇವೇ. 1880ರ ದಶಕದಲ್ಲಿ ತಿರುವಾಂಕೂರಿನ ಮಹಾರಾಜ ವಿಶಾಖಂ ತಿರುನಾಳರು ಮರಗೆಣಸಿನ ಕೃಷಿಗೆ ಪ್ರೋತ್ಸಾಹವಿತ್ತದ್ದು ಪ್ರಜೆಗಳ ಹಸಿವೆಯನ್ನು ನೆನೆದು. ನೆರೆಯವರ ಎಲೆಯ ಮೇಲಿನ ಗೆಡ್ಡೆಯನ್ನು ಕಂಡು ಮೂಗು ಮುರಿಯುವ ಶ್ರಾವಕನು ಗೆಡ್ಡೆಯನ್ನು ಬಿಟ್ಟಿರಬಹುದು, ಮಾನಕಷಾಯವನ್ನು ಬಿಟ್ಟಿಲ್ಲ.

ಹಾಗಾದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಭೋಗೋಪಭೋಗ ಪರಿಮಾಣವ್ರತದ ಸಂದರ್ಭದಲ್ಲಿ, ಮೂಲಂಗಿ, ಹಸಿಶುಂಠಿ ಮೊದಲಾದವುಗಳ ಫಲ ಅಲ್ಪ, ಘಾತ ಬಹಳ ಎಂದುದು ಹೇಗೆ ಸರಿ? ಘಾತದ ಮಾತು ಸ್ಪಷ್ಟ. ಗೆಡ್ಡೆಯೆಂಬುದು ಅನಂತ ಜೀವರಿಗೆ ಸಾಧಾರಣವಾದ ಶರೀರ. ಕಾಯಿ ಕೊಯ್ದರೆ ಮರ ಉಳಿಯುತ್ತದೆ; ಗೆಡ್ಡೆ ಅಗೆದರೆ ಗಿಡವೇ ಬುಡಸಮೇತ ಹೋಗುತ್ತದೆ, ಮಣ್ಣಿನ ಸಣ್ಣ ಜೀವಗಳೂ ನಲುಗುತ್ತವೆ. ಫಲವನ್ನಾದರೋ ತಕ್ಕಡಿಯಲ್ಲಿ ತೂಗಿ ನೋಡತಕ್ಕದ್ದಲ್ಲವೆಂದು ನನ್ನ ಅಭಿಪ್ರಾಯ. ಅಷ್ಟು ಘಾತವಿಲ್ಲದೆಯೇ ಅದೇ ಪೋಷಣೆ ದೊರೆಯುವವನಿಗೆ ಗೆಡ್ಡೆಯಿಂದ ಹೆಚ್ಚಾಗಿ ಬರುವುದು ನಾಲಗೆಯ ರುಚಿಯೊಂದೇ. ಅದು ಅಲ್ಪವೇ ಸರಿ.

ದೊರೆಯುತ್ತದೆಯೇ ಎಂದರೆ, ನಮ್ಮ ಹಿತ್ತಿಲನ್ನು ನೋಡಬೇಕು. ಪೊಟಾಸಿಯಂನಲ್ಲಿ ಬಾಳೆಕಾಯಿ ಆಲೂಗಡ್ಡೆಗೆ ಕಡಿಮೆಯಿಲ್ಲ. ಕ್ಯಾರೋಟಿನ್ನಿಗೆ ಸಿಹಿಗುಂಬಳವಿದೆ. ಹಲಸಿನ ಬೀಜದ ಪ್ರೋಟೀನು ಆಲೂಗಡ್ಡೆಯದರ ಸುಮಾರು ಮೂರು ಪಟ್ಟು. ಜೀಗುಜ್ಜೆಗೆ ಬೇರುಹಲಸೆಂಬ ಹೆಸರಿದ್ದರೂ ಅದು ಕೊಂಬೆಯಲ್ಲಿ ಬಿಡುವ ಕಾಯಿ. ಬೇರಿನಿಂದ ಒಡೆಯುವುದು ಸಸಿ ಮಾತ್ರ. ಇವೆಲ್ಲವನ್ನೂ ಅದೇ ಕ್ರಮದಲ್ಲಿ ಬೇಯಿಸಿ ಕಿವುಚಬಹುದು. ಈರುಳ್ಳಿ, ಬೆಳ್ಳುಳ್ಳಿಯ ಸ್ಥಾನಕ್ಕೆ ಇಂಗು ಸಾಕು.

ಆದರೆ ಬೆಳೆಯುವ ಮಗುವಿಗೆ, ಬಾಣಂತಿಗೆ ಗೆಡ್ಡೆಯನ್ನು ನಿಷೇಧಿಸಿ, ಬದಲಿಗೆ ಬರಿಯ ಗಂಜಿ-ಉಪ್ಪಿನಕಾಯಿ ಬಡಿಸುವ ಮನೆಯಲ್ಲಿ ನಡೆಯುವುದನ್ನು ನಾನು ವ್ರತವೆನ್ನಲಾರೆ, ಅದು ಅಲಕ್ಷ್ಯ. ಮಳೆಗಾಲಕ್ಕೆಂದು ಹಲಸಿನ ಬೀಜಕ್ಕೆ ಕೆಮ್ಮಣ್ಣು ಸವರಿ ಕಾಪಿಡುವ ಪದ್ಧತಿ ನಮ್ಮ ಎಷ್ಟು ಮನೆಗಳಲ್ಲಿ ಉಳಿದಿದೆಯೆಂದು ತಾಯಂದಿರನ್ನು ಕೇಳಬೇಕಾಗಿದೆ.